ಮನೆಯೋ ಮಣೆಯೋ: ಕನ್ನಡದಲ್ಲಿ ಮಾತಿನ ಶ್ರವಣಪರೀಕ್ಷೆ ಮತ್ತು ಅದರ ಪರಿಭಾಷೆ

“ಸದ್ದು ಕೇಳಿಸುತ್ತೆ, ಏನಂದ್ರು ಅಂತ ಮಾತ್ರ ಗೊತ್ತಾಗಲ್ಲ.” ವಯಸ್ಸಾದವರು ಶ್ರವಣತಜ್ಞರ ಮುಂದೆ ಇಡುವ ದೂರು ಬಹುಪಾಲು ಈ ಧಾಟಿಯದು. ಕೇಳಿಸುವುದು ಬೇರೆ, ತಿಳಿಯುವುದು ಬೇರೆ ಎಂಬುದನ್ನು ಆಡುಮಾತು ಇಷ್ಟು ಸಲೀಸಾಗಿ ಬಿಡಿಸಿಡುತ್ತದೆ. ಇವೆರಡನ್ನೂ ಬೇರೆಬೇರೆಯಾಗಿ ಅಳೆಯುವ ಪರೀಕ್ಷೆಗಳೂ ಇವೆ. ಶುದ್ಧ ಸ್ವರದ ಪರೀಕ್ಷೆಯ ಪದಗಳನ್ನು ಹೊರಗಿನಿಂದ ಹಾಗೆಯೇ ತಂದುಕೊಂಡರೆ ನಷ್ಟವೇನೂ ಇಲ್ಲ. ಮಾತಿನ ಪರೀಕ್ಷೆಯ ಪದಗಳನ್ನು ತರುವಾಗ ಅವುಗಳ ಬೆನ್ನಿಗೆ ಇಂಗ್ಲಿಷಿನ ಧ್ವನಿರಚನೆಯೂ ಬರುತ್ತದೆ ಎಂಬುದು ಈ ಲೇಖನದ ವಾದ.

ರೋಗಗಳ ಹೆಸರಿನಿಂದಲೇ ಹೊರಡಬಹುದು. ಸುಶ್ರುತಸಂಹಿತೆಯ ಉತ್ತರತಂತ್ರ 28 ಕರ್ಣರೋಗಗಳನ್ನು ಎಣಿಸುತ್ತದೆ. ಕರ್ಣಶೂಲ, ಕರ್ಣನಾದ, ಬಾಧಿರ್ಯ, ಕರ್ಣಸ್ರಾವ, ಪೂತಿಕರ್ಣ ಮೊದಲಾದವು ರೋಗಿ ಅನುಭವಿಸುವುದನ್ನು ಅಥವಾ ವೈದ್ಯನ ಕಣ್ಣು ಮೂಗಿಗೆ ಗೋಚರಿಸುವುದನ್ನು ಹಿಡಿದ ಹೆಸರುಗಳು. ‘ಕಿವಿ ಸೋರುತ್ತೆ’, ‘ಕಿವಿಯಲ್ಲಿ ಗುಂಯ್ ಅನ್ನುತ್ತೆ’ ಎಂಬ ನಮ್ಮ ಮಾತುಗಳೂ ಇದೇ ಜಾತಿಯವು. ಹತ್ತೊಂಬತ್ತನೆಯ ಶತಮಾನದ ಯೂರೋಪು ಕೇಳಿದ ಪ್ರಶ್ನೆಯೇ ಬೇರೆ: ಕೆಟ್ಟಿರುವುದು ಎಲ್ಲಿ? ವೇಬರ್ 1834ರಲ್ಲಿ, ರಿನೆ 1855ರಲ್ಲಿ ವಿವರಿಸಿದ ಶ್ರುತಿಕವೆಯ ಪರೀಕ್ಷೆಗಳು ಇದಕ್ಕೆ ಉತ್ತರ ಹುಡುಕುವ ಸಾಧನಗಳಾದವು. 1861ರಲ್ಲಿ ಪ್ಯಾರಿಸಿನ ಪ್ರಾಸ್ಪೆರ್ ಮೆನಿಯೆರ್, ತಲೆಸುತ್ತಿನ ಮೂಲ ಮಿದುಳಲ್ಲದೆ ಒಳಗಿವಿಯೂ ಆಗಿರಬಹುದೆಂದು ತೋರಿಸಿದ. ಹೊರಗಿವಿ ಅಥವಾ ನಡುಗಿವಿಯ ತೊಂದರೆಗೆ ವಹನದೋಷ, ಒಳಗಿವಿಯ ಕಾಕ್ಲಿಯಾ ಅಥವಾ ಶ್ರವಣನರದ ತೊಂದರೆಗೆ ಸಂವೇದನ-ನರದೋಷ ಎಂಬ ಇಂದಿನ ವಿಂಗಡಣೆ ಈ ಪ್ರಶ್ನೆಯ ಫಲ. (‘ರಿನೆ ಪಾಸಿಟಿವ್’ ಎಂದರೆ ಗಾಳಿಯ ಮೂಲಕ ಬಂದ ಸದ್ದು ಮೂಳೆಯ ಮೂಲಕ ಬಂದದ್ದಕ್ಕಿಂತ ಚೆನ್ನಾಗಿ ಕೇಳಿಸುತ್ತಿದೆ ಎಂದರ್ಥ, ಆರೋಗ್ಯವಂತನ ಫಲಿತಾಂಶವೂ ಅದೇ. ಪಾಸಿಟಿವ್ ಎಂದರೆ ರೋಗ ಎಂದೇ ತಿಳಿದ ನಮ್ಮ ಕಾಲದಲ್ಲಿ ವರದಿ ಓದಿ ಎದೆಯೊಡೆದುಕೊಳ್ಳುವವರು ಇದ್ದರೆ ಆಶ್ಚರ್ಯವಿಲ್ಲ.)

ಶ್ರವಣವನ್ನು ಅಳೆಯುವ ಆಡಿಯೋಮೀಟರ್ ಯಂತ್ರ 250ರಿಂದ 8000 ಹರ್ಟ್ಸ್‌ವರೆಗಿನ ಶುದ್ಧ ಸ್ವರಗಳನ್ನು ಒಂದೊಂದಾಗಿ ಕೇಳಿಸುತ್ತದೆ. ಕೇಳಿಸಿದರೆ ರೋಗಿ ಬೆರಳೆತ್ತುತ್ತಾನೆ, ಅಥವಾ ಗುಂಡಿ ಒತ್ತುತ್ತಾನೆ. ಸಾವಿರ ಹರ್ಟ್ಸ್‌ನ ಸ್ವರಕ್ಕೆ ಯಾವ ತಾಯ್ನುಡಿಯೂ ಇಲ್ಲ. ಡೆಸಿಬೆಲ್, ಹರ್ಟ್ಸ್, ಆಡಿಯೋಗ್ರಾಂ ಎಂಬ ಪದಗಳು ಮೈಸೂರಿನಲ್ಲೂ ಮ್ಯೂನಿಕ್‌ನಲ್ಲೂ ಒಂದೇ ಸಂಗತಿಯನ್ನು ಹೇಳುತ್ತವೆ. ಸೊನ್ನೆ ಡೆಸಿಬೆಲ್ ಎಂದರೆ ಸದ್ದೇ ಇಲ್ಲ ಎಂದಲ್ಲ, ಆರೋಗ್ಯವಂತ ಯುವಕರಿಗೆ ಕೇಳಿಸತೊಡಗುವ ಸರಾಸರಿ ಮಟ್ಟ ಎಂದು ಒಮ್ಮೆ ವಿವರಿಸಿದರೆ ಅಲ್ಲಿಗೆ ಮುಗಿಯಿತು.

ಮಾತಿನ ಪರೀಕ್ಷೆಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ಕಿವುಡರ ಕೇಂದ್ರ ಸಂಸ್ಥೆಯಲ್ಲಿ ಹಿರ್ಶ್ ಮತ್ತು ಸಂಗಡಿಗರು 1952ರಲ್ಲಿ ಪ್ರಕಟಿಸಿದ ಪಟ್ಟಿಗಳಲ್ಲಿ ಕೆಲಸ ಹಂಚಿಹೋಗಿತ್ತು: ಮಾತನ್ನು ಗುರುತಿಸಬಲ್ಲ ಅತಿ ಕಡಿಮೆ ಮಟ್ಟ ಕಂಡುಹಿಡಿಯಲು ‘ಸ್ಪಾಂಡಿ’ ಪದಗಳು, ರೋಗಿ ಎಷ್ಟು ಸ್ಪಷ್ಟವಾಗಿ ಗುರುತಿಸುತ್ತಾನೆಂದು ನೋಡಲು ಒಂದೇ ಉಚ್ಚಾರಾಂಶದ ಪದಗಳು. ಗ್ರೀಕ್ ಛಂದಸ್ಸಿನ ಸ್ಪಾಂಡಿ ನಮ್ಮ ಗುರು-ಗುರುವಿಗೆ ಸಮ. ಆದರೆ ಶ್ರವಣಶಾಸ್ತ್ರದಲ್ಲಿ ಅದು ಎರಡೂ ಉಚ್ಚಾರಾಂಶಗಳ ಮೇಲೆ ಸಮನಾದ ಒತ್ತು ಬೀಳುವ ಇಂಗ್ಲಿಷ್ ಪದ, ‘ಬೇಸ್‌ಬಾಲ್’ ಥರದ್ದು. ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ಒತ್ತನ್ನು ಹಿಡಿದು ಪದ ಆರಿಸುವುದು ಇಲ್ಲಿ ಹೊಂದುವುದಿಲ್ಲ. ಇತ್ತ ಒಂದೇ ಉಚ್ಚಾರಾಂಶದ ಪದಗಳೋ, ಕೈ, ಮೈ, ಬಾ, ತಾ ಎಂದು ಬೇಗ ಮುಗಿದುಹೋಗುತ್ತವೆ. ವ್ಯಂಜನದಲ್ಲಿ ನಿಲ್ಲಬಹುದಾಗಿದ್ದ ಪದಕ್ಕೂ ನಮ್ಮ ನುಡಿ ಉಕಾರ ಅಂಟಿಸಿ ಕಾಲು, ಕಣ್ಣು, ಬೇರು ಎನ್ನುತ್ತದೆ.

1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶ್ರವಣವಿಜ್ಞಾನಿಗಳು ಇದಕ್ಕೆ ದಾರಿ ಕಂಡುಕೊಂಡರು. ಮಟ್ಟ ಕಂಡುಹಿಡಿಯಲು ಜೋಡಿಪದಗಳು ಬಳಕೆಗೆ ಬಂದವು. ಸ್ಪಷ್ಟತೆ ಅಳೆಯಲು 2005ರಲ್ಲಿ ಸಿದ್ಧವಾದ, ಧ್ವನಿಮಾಗಳ ಸಮತೋಲವುಳ್ಳ ಪಟ್ಟಿಯಲ್ಲಿ ಎರಡು ಉಚ್ಚಾರಾಂಶದ ಪದಗಳಿವೆ. ಪಟ್ಟಿಯೊಂದಕ್ಕೆ 25 ಪದ. ಒಂದು ಪದಕ್ಕೆ ನೂರರಲ್ಲಿ ನಾಲ್ಕು ಅಂಕ. ಎರಡು ಉಚ್ಚಾರಾಂಶವಿದ್ದಾಗ ಒಂದು ಕೇಳಿಸಿದರೂ ಇನ್ನೊಂದನ್ನು ಊಹಿಸುವ ಅವಕಾಶ ಹೆಚ್ಚು. ಆದ್ದರಿಂದ ಕನ್ನಡದ 80 ಅಂಕವನ್ನು ಇಂಗ್ಲಿಷಿನ 80ರ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ಎರಡನ್ನೂ ಒಂದೇ ಪಾರಿಭಾಷಿಕ ಪದದಿಂದ ಕರೆಯುವಾಗ ಈ ಅಂತರ ಕಣ್ಣಿಗೆ ಬೀಳುವುದಿಲ್ಲ.

ಇನ್ನೂ ತೊಡಕಿನ ಸಂಗತಿ ಒಳನುಡಿಗಳದು. ಮನೆ-ಮಣೆ, ಬಲೆ-ಬಳೆ, ಕತೆ-ಕತ್ತೆ: ಒಂದು ಮೂರ್ಧನ್ಯ, ಒಂದು ದ್ವಿತ್ವ ತಪ್ಪಿದರೆ ಅರ್ಥವೇ ಬೇರೆ. ಕಿವಿಯ ಸೂಕ್ಷ್ಮತೆ ಪರೀಕ್ಷಿಸಲು ಇಂಥ ಜೋಡಿಗಳು ಒಳ್ಳೆಯವೇ. ಆದರೆ ಧಾರವಾಡದ ಕಡೆಯ ಹಿರಿಯರೊಬ್ಬರು ‘ಮನೆ’ ಕೇಳಿ ‘ಮನಿ’ ಎಂದರೆ? ಹಳೆಯ ಮೈಸೂರಿನ ರೈತನೊಬ್ಬ ‘ಹಾಲು’ ಕೇಳಿ ‘ಆಲು’ ಎಂದರೆ? ಇಬ್ಬರಿಗೂ ಪದ ಸರಿಯಾಗಿಯೇ ಕೇಳಿಸಿದೆ. ಅವರವರ ಬಾಯಿಗೆ ಅದು ಬರುವುದೇ ಹಾಗೆ. ಅಕ್ಷರಕ್ಕೆ ಅಂಟಿಕೊಂಡ ಪರೀಕ್ಷಕ ಇಂಥ ಮೂರು ಉತ್ತರಗಳನ್ನು ತಪ್ಪೆಂದು ಗುರುತಿಸಿದರೆ 12 ಅಂಕ ಹೋಯಿತು. ಬಾಯಿಯ ರೂಢಿಯನ್ನು ಕಿವಿಯ ದೋಷವಾಗಿ ಬರೆದಂತಾಯಿತು.

ಈ ಅಂಕದ ಮೇಲೆ ಚಿಕಿತ್ಸೆಯ ತೀರ್ಮಾನಗಳು ನಿಂತಿರುತ್ತವೆ. ವಹನದೋಷದಲ್ಲಿ ಸದ್ದು ಜೋರು ಮಾಡಿದರೆ ಅಂಕ ಸಾಮಾನ್ಯವಾಗಿ ನೂರರ ಹತ್ತಿರಕ್ಕೆ ಏರುತ್ತದೆ. ಕಿವಿಯ ಪರದೆಯ ಶಸ್ತ್ರಚಿಕಿತ್ಸೆಯಿಂದಲೋ ಶ್ರವಣಸಾಧನದಿಂದಲೋ ಒಳ್ಳೆಯ ಫಲ ನಿರೀಕ್ಷಿಸಬಹುದು. ಕಾಕ್ಲಿಯಾ ಕೆಟ್ಟಿದ್ದರೆ ಎಷ್ಟು ಜೋರು ಮಾಡಿದರೂ ಅಂಕ ನಡುವೆಯೇ ನಿಂತುಬಿಡಬಹುದು. ಜೋರು ಮಾಡಿದಷ್ಟೂ ಅಂಕ ಇಳಿದರೆ, ಅಂದರೆ ರೋಲ್‌ಓವರ್ ಕಂಡರೆ, ಶ್ರವಣನರದ ಕಡೆಗೆ ಸಂಶಯ ತಿರುಗುತ್ತದೆ. ‘ಕಿವಿ ಮಿಷನ್ ಹಾಕ್ಕೊಂಡ್ರೂ ಪ್ರಯೋಜನ ಇಲ್ಲ’ ಎಂಬ ಮಾತಿನ ಹಿಂದೆ ಹಲವು ಸಲ ಇರುವುದು ಸದ್ದಿನ ಕೊರತೆಯಲ್ಲ, ಸ್ಪಷ್ಟತೆಯ ಕೊರತೆ.

ಕಾನೂನಿನ ಪರಿಭಾಷೆ ಈ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಮಾತಿನ ಆವೃತ್ತಿಗಳಲ್ಲಿ ಎರಡೂ ಕಿವಿಗೆ 70 ಡೆಸಿಬೆಲ್ ನಷ್ಟವಾದವರನ್ನು ಕಿವುಡರೆಂದೂ, 60ರಿಂದ 70ರ ನಡುವಿನವರನ್ನು ಮಂದಶ್ರವಣದವರೆಂದೂ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ 50ರಿಂದ 65ರೊಳಗಿನ ನಷ್ಟವೇ ಮಧ್ಯಮವನ್ನು ಮೀರಿದ್ದು. 55 ಡೆಸಿಬೆಲ್ ನಷ್ಟವಿದ್ದು, ಮಾತಿನ ಅರ್ಧ ಪದಗಳನ್ನೂ ಗುರುತಿಸಲಾರದವರು ಅಧಿನಿಯಮದ ವ್ಯಾಖ್ಯೆಯ ಹೊರಗೇ ಉಳಿಯುತ್ತಾರೆ.

ಕಾನೂನಿನ ಮಾತು ಹೇಗೂ ಇರಲಿ, ಮಾತಿನ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಎರಡು ತಿದ್ದುಪಡಿಗಳನ್ನು ಈಗಲೇ ಮಾಡಬಹುದು: ರೋಗಿ ಯಾವ ಊರಿನ ಕನ್ನಡ ಆಡುತ್ತಾರೆಂಬುದಕ್ಕೆ ಒಂದು ಸಾಲು, ಪ್ರತಿ ಪದದ ಎದುರು, ಸರಿ-ತಪ್ಪಿನ ಗುರುತಿನ ಜೊತೆಗೆ, ಅವರು ಉಚ್ಚರಿಸಿದ ರೂಪವನ್ನೇ ಬರೆದುಕೊಳ್ಳಲು ಒಂದಿಷ್ಟು ಜಾಗ.