ವಾರದ ಬಿಡುವು: ಸಂತೆಯಿಂದ ಭಾನುವಾರದವರೆಗೆ

ಕರ್ನಾಟಕದ ಹಳ್ಳಿಗಳಲ್ಲಿ ವಾರದ ಬಿಡುವನ್ನು ಗೊತ್ತುಮಾಡುತ್ತಿದ್ದುದು ಎತ್ತು ಮತ್ತು ಸಂತೆ. ಸೋಮವಾರ ಬಸವನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬ ಕಟ್ಟಳೆ ಅನೇಕ ಊರುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಅಮಾವಾಸ್ಯೆಯಂದು ಬೇಸಾಯ ನಿಲ್ಲಿಸುವ ರೈತರೂ ಉಪಕರಣ ಮುಟ್ಟದ ಕುಶಲಕರ್ಮಿಗಳೂ ಇದ್ದಾರೆ. ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ದಿನ ಅದರ ಒಡೆಯನಿಗೂ ಉಳುಮೆಯಿಂದ ಬಿಡುವು. ಹಗ್ಗ ಹೊಸೆಯುವುದು, ನೇಗಿಲು ರಿಪೇರಿ, ನೆಂಟರ ಮನೆಯ ಓಡಾಟ ಇವೆಲ್ಲ ಆ ದಿನದ ಪಾಲಿನ ಕೆಲಸಗಳು.

ಇನ್ನೊಂದು ಬಿಡುವು ಸಂತೆಯದು. ಸಂತೆಯ ಸುಂಕದ ಉಲ್ಲೇಖಗಳು ಕನ್ನಡ ಶಾಸನಗಳಲ್ಲಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಶುಕ್ರವಾರದ ಸಂತೆಯಲ್ಲಿ ಕೋಳಿ, ಹಂದಿ, ಒಣಮೀನು ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೊಡಗಿನ ಶನಿವಾರಸಂತೆ, ಚಾಮರಾಜನಗರದ ಕಡೆಯ ಸಂತೆಮರಹಳ್ಳಿ, ದಾವಣಗೆರೆ ಸೀಮೆಯ ಸಂತೆಬೆನ್ನೂರು ತಮ್ಮ ಹೆಸರಿನಲ್ಲೇ ಸಂತೆಯನ್ನು ಉಳಿಸಿಕೊಂಡಿವೆ.

ಅಕ್ಕಪಕ್ಕದ ಊರುಗಳ ಸಂತೆಗಳು ಒಂದೇ ದಿನ ಬೀಳದಂತೆ ವಾರ ಹಂಚಿಕೆಯಾಗಿರುತ್ತಿತ್ತು. ಇದರಿಂದ ವ್ಯಾಪಾರಿಗೆ ದಿನಕ್ಕೊಂದು ಊರು, ರೈತನಿಗೆ ವಾರಕ್ಕೊಂದು ಸಂತೆ ದಕ್ಕುತ್ತಿತ್ತು. ಮನೆಯ ಕೋಳಿ, ಮೊಟ್ಟೆ, ಬೆಣ್ಣೆ, ಒಂದಿಷ್ಟು ದವಸ ಮಾರಿ, ಬಂದ ಹಣದಲ್ಲಿ ಉಪ್ಪು, ಬೆಲ್ಲ, ಒಣಮೆಣಸಿನಕಾಯಿ, ಎಲೆ ಅಡಿಕೆ ಕೊಳ್ಳುವುದು ವಾಡಿಕೆ. ಕುಡುಗೋಲಿಗೆ ಸಾಣೆ ಹಿಡಿಸುವುದು, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವುದು, ಮರದ ನೆರಳಿನಲ್ಲಿ ಕ್ಷೌರ ಮಾಡಿಸಿಕೊಳ್ಳುವುದು ಕೂಡ ಅಲ್ಲಿಯೇ. ಹೆಂಗಸರು ಬಳೆಗಾರನ ಮುಂದೆ ಕೂತು ಕೈತುಂಬ ಬಳೆ ತೊಡಿಸಿಕೊಳ್ಳುತ್ತಿದ್ದರು. ಗಂಡು ಹೆಣ್ಣಿನ ಮಾತುಕತೆ, ಮಳೆ ಬೆಳೆಯ ಸುದ್ದಿ, ತವರಿನ ಸಮಾಚಾರ ಎಲ್ಲವೂ ಸಂತೆಯಲ್ಲೇ ಕೈ ಬದಲಾಗುತ್ತಿದ್ದವು. ಉತ್ತರ ಕರ್ನಾಟಕದಲ್ಲಿ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ, ದಕ್ಷಿಣದಲ್ಲಿ ಕಡ್ಲೆಪುರಿ ಖಾರ ಕಟ್ಟಿಸಿಕೊಳ್ಳದೆ ಮನೆಗೆ ಮರಳುವಂತಿರಲಿಲ್ಲ. ಮಕ್ಕಳು ಬಾಗಿಲಲ್ಲೇ ಕಾಯುತ್ತಿರುತ್ತಿದ್ದರು.

ಗಿರಣಿಗಳು ಬಂದ ಮೇಲೆ ಈ ಲೆಕ್ಕ ತಪ್ಪಿತು. ಯಂತ್ರಕ್ಕೆ ಬಸವನ ವಾರವೂ ಇಲ್ಲ, ಸಂತೆಯೂ ಇಲ್ಲ. ಬ್ರಿಟಿಷ್ ಕಚೇರಿಗಳಿಗೆ ಭಾನುವಾರ ಚರ್ಚಿನ ದಿನವಾಗಿ ರಜೆಯಿತ್ತಾದರೂ ಮುಂಬಯಿಯ ಬಟ್ಟೆ ಗಿರಣಿಗಳ ಕೂಲಿಕಾರರಿಗೆ ವಾರದ ರಜೆ ಇರಲಿಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕೂಲಿಕಾರರ ಸಭೆ ಕರೆದು ವಾರಕ್ಕೊಂದು ರಜೆ ಬೇಕೆಂಬ ಬೇಡಿಕೆ ಮುಂದಿಟ್ಟರು. ಭಾನುವಾರ ಖಂಡೋಬನ ವಾರ ಎಂಬುದು ಅವರ ವಾದಗಳಲ್ಲಿ ಒಂದಾಗಿತ್ತು. ಆ ಖಂಡೋಬನೇ ಕನ್ನಡಿಗರ ಮೈಲಾರಲಿಂಗ. ಇಲ್ಲಿಯೂ ಭಾನುವಾರವೇ ಅವನ ವಾರ. ವರ್ಷಗಟ್ಟಲೆ ನಡೆದ ಹೋರಾಟದ ಫಲವಾಗಿ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಸೇರಿತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ ಹಾಕಿ, ವಾರದಲ್ಲಿ ಒಂದು ದಿನ ರಜೆಯನ್ನು ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ ಅಂಗಡಿ ಮುಂಗಟ್ಟುಗಳ ನೌಕರರಿಗೂ 1961ರ ಕಾಯ್ದೆ ಇದೇ ಹಕ್ಕು ಕೊಟ್ಟಿತು.

ಬೆಂಗಳೂರಿನಲ್ಲಿ ಈ ದಶಕಗಳಲ್ಲಿ ಬಿಡುವು ಕಳೆಯುವ ತಾಣಗಳೂ ಬೆಳೆದವು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿನಲ್ಲಿ 1889ರಲ್ಲಿ ಗಾಜಿನಮನೆಗೆ ಅಡಿಗಲ್ಲು ಬಿತ್ತು. 1870ರಲ್ಲಿ ಕಬ್ಬನ್ ಪಾರ್ಕ್ ರೂಪುಗೊಂಡಿತ್ತು. ಅಲ್ಲಿನ ಬ್ಯಾಂಡ್‌ಸ್ಟ್ಯಾಂಡಿನ ವಾದ್ಯಸಂಗೀತಕ್ಕೆ ಜನ ಸೇರುತ್ತಿದ್ದರು. 1924ರಲ್ಲಿ ಎಂಟಿಆರ್, 1943ರಲ್ಲಿ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುರುವಾದವು. ಬೆಳಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು, ಆಮೇಲೆ ಮಸಾಲೆ ದೋಸೆ, ಕಾಫಿ, ಬರುವಾಗ ಹೂವು ತರಕಾರಿ: ಬಸವನಗುಡಿ, ಮಾವಳ್ಳಿಗಳ ಅನೇಕ ಮನೆಗಳಲ್ಲಿ ಭಾನುವಾರದ ಕ್ರಮ ಇದೇ ಆಯಿತು. ಕ್ಷೌರದಂಗಡಿಗಳಿಗೆ ಮಂಗಳವಾರ ರಜೆಯಾದ್ದರಿಂದ ನೌಕರರ ಕ್ಷೌರವೂ ಭಾನುವಾರಕ್ಕೇ ಬಿತ್ತು. 1987ರಲ್ಲಿ ದೂರದರ್ಶನ ‘ರಾಮಾಯಣ’ ಧಾರಾವಾಹಿ ಆರಂಭಿಸಿದಾಗ ಅದು ಪ್ರಸಾರವಾಗುತ್ತಿದ್ದ ಭಾನುವಾರ ಬೆಳಗಿನ ಹೊತ್ತು ಬೀದಿಗಳು ಬಿಕೋ ಎನ್ನುತ್ತಿದ್ದವು.

ಸಂತೆಗಳು ಇಂದಿಗೂ ನಡೆಯುತ್ತಿವೆ. ಟ್ರ್ಯಾಕ್ಟರು ಬಂದ ಊರುಗಳಲ್ಲಿ ಸೋಮವಾರದ ಕಟ್ಟಳೆ ಸಡಿಲಗೊಂಡಿದೆ. ಸರ್ಕಾರಿ ನೌಕರರಿಗೆ 2019ರಿಂದ ಎರಡನೇ ಶನಿವಾರದ ಜೊತೆ ನಾಲ್ಕನೆಯದೂ ರಜೆಯಾಯಿತು. ಆದರೆ ಕಾರ್ಖಾನೆ, ಅಂಗಡಿಗಳಿಗೆಂದು ಮಾಡಿದ ಆ ಕಾಯ್ದೆಗಳ ವ್ಯಾಪ್ತಿಗೆ ಮನೆಗೆಲಸದವರಾಗಲಿ ಹೊಲದ ಕೂಲಿಯವರಾಗಲಿ ಬರಲಿಲ್ಲ. ನೊಗ ಹೊತ್ತ ಎತ್ತಿಗೆ ವಾರದಲ್ಲೊಂದು ದಿನ ಬಿಟ್ಟುಕೊಟ್ಟ ನಾಡು, ದುಡಿಯುವ ಇವರಿಗೂ ಅದನ್ನು ಹಕ್ಕಾಗಿ ಕೊಡಬೇಕು.