ಕೃಷ್ಣೆಯ ಮೀನಿನ ಹೆಸರು ಕಾವೇರಿಗೆ ಹೋದ ಬಗೆ

ನಿಪ್ಪಾಣಿಯ ಬಳಿ ಹರಿಯುವ ವೇದಗಂಗೆಯು ದೂಧಗಂಗೆಯಲ್ಲಿ ಕೂಡಿ, ಆ ದೂಧಗಂಗೆಯು ಚಿಕ್ಕೋಡಿ ಸೀಮೆಯಲ್ಲಿ ಕೃಷ್ಣೆಯನ್ನು ಸೇರುವುದು. ಮುಂದೆ ಕಾಗವಾಡ, ರಾಯಬಾಗ, ಅಥಣಿಗಳ ಹೊಲಗಳಿಗೆ ಕೃಷ್ಣೆಯೇ ಆಧಾರ. ಆಂಗ್ಲ ಗಾಳಗಾರರಿಗೆ ಪ್ರಿಯವಾದ ಟ್ರೌಟ್ ಮೀನು ಈ ಬೆಚ್ಚನೆಯ ನೀರಿನಲ್ಲಿ ಬಾಳದು. ದಕ್ಷಿಣದಲ್ಲಿ ಅದು ನೀಲಗಿರಿಯಂತಹ ಎತ್ತರದ ತಂಪು ಹೊಳೆಗಳಲ್ಲಿ ಮಾತ್ರ ನೆಲೆಯೂರಿತು. ಬಯಲು ಸೀಮೆಯ ಹೊಳೆಗಳಲ್ಲಿ ಅವರ ಮನಸ್ಸನ್ನು ಸೆಳೆದುದು ಮಹಶೀರ್.

ಕೃಷ್ಣೆಯ ಮೇಲಣ ಉಪನದಿಗಳ ಮೀನುಗಳನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವರಲ್ಲಿ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಪ್ರಮುಖನು. 1824ರಲ್ಲಿ ಮುಂಬಯಿ ಸರಕಾರವು ಅವನನ್ನು ದಖನ್ನಿನ ಅಂಕಿಅಂಶಗಳ ಸಂಗ್ರಹಕ್ಕೆ ನೇಮಿಸಿತು. ಭೀಮೆ, ಮುಳಾ-ಮುಠೆ ಮೊದಲಾದ ನದಿಗಳ ಮೀನುಗಳನ್ನು ಪರೀಕ್ಷಿಸಿ, 1839ರಲ್ಲಿ ಅವುಗಳ ವಿವರವನ್ನು ಪ್ರಕಟಿಸಿದನು. ಬೆಸ್ತರ ಬಾಯಲ್ಲಿದ್ದ ಹೆಸರುಗಳನ್ನೇ ಲ್ಯಾಟಿನ್ ನಾಮಗಳಿಗೆ ಜೋಡಿಸಿದುದು ಅವನ ವಿಶೇಷ. ಖುದ್ರೀ, ಕೋಲಸ್, ನುಕ್ತಾ, ಮಸುಲ್ಲಾ ಎಂಬ ನಾಮಗಳು ಹೀಗೆ ಗ್ರಂಥಸ್ಥವಾದವು. ಇವುಗಳಲ್ಲಿ ಖುದ್ರೀ ಎಂಬುದು ನಿಜವಾದ ಮಹಶೀರ್. ಮಸುಲ್ಲಾ ಬೇರೊಂದು ಕುಲದ್ದು.

ಆದರೆ ಮುಂದಿನ ಪಂಡಿತರು ಬೆನ್ನು ಉಬ್ಬಿದ ಕಾವೇರಿಯ ಮಹಶೀರಿಗೆ ಮಸುಲ್ಲಾ ಎಂಬ ನಾಮವನ್ನೇ ಕೊಟ್ಟರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರನ್ನು ಹಿಡಿದರು. ಇಷ್ಟು ಖ್ಯಾತಿ ಪಡೆದ ಮೀನಿಗೂ ತನ್ನದೆಂಬ ಶಾಸ್ತ್ರೀಯ ನಾಮವಿರಲಿಲ್ಲ!

ಇದು ಬರಿಯ ಶಬ್ದವಿವಾದವಲ್ಲ. ಯಾವ ಪ್ರಾಣಿಯೆಂಬುದೇ ನಿರ್ಣಯವಾಗದಿದ್ದರೆ ಅದು ಎಲ್ಲಿ ಎಷ್ಟು ಉಳಿದಿದೆಯೆಂದು ಲೆಕ್ಕವಿಡುವುದು ಹೇಗೆ? 1970ರ ದಶಕದಿಂದ ಲೋಣಾವಳೆಯ ಸಾಕಣೆಯಲ್ಲಿ ಬೆಳೆಸಿದ ಖುದ್ರೀ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಸದುದ್ದೇಶದಿಂದಲೇ ಮಾಡಿದ ಕಾರ್ಯವದು. ಆದರೆ ಹೊಸಬರ ಸಂತತಿಯು ಹೆಚ್ಚಿದ ಕಾಲದಲ್ಲಿಯೇ ಉಬ್ಬುಬೆನ್ನಿನ ಮೂಲವಾಸಿಯು ಕ್ಷೀಣಿಸುತ್ತ ಬಂದಿತು.

ಕೊನೆಗೆ 2018ರಲ್ಲಿ ಸಂಶೋಧಕರು ದೇಹಲಕ್ಷಣಗಳನ್ನೂ ವಂಶಾಣುಗಳನ್ನೂ ಹೋಲಿಸಿ, ಕಾವೇರಿಯ ಉಪನದಿಯಾದ ಪಾಂಬಾರಿನಲ್ಲಿ ಮೊದಲು ವರ್ಣಿತವಾಗಿದ್ದ 'ಟಾರ್ ರೇಮಾದೇವಿ' ಎಂಬುದೇ ಈ ಮೀನೆಂದು ನಿರ್ಣಯಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯನ್ನು ಸೇರಿತು.

ಸೈಕ್ಸನ ಗ್ರಂಥಕ್ಕೆ ಪುಣೆಯ ಕಡೆಯ ಬೆಸ್ತರ ಮಾತು ಆಧಾರವಾಯಿತು. ಕುಡಚಿ, ಉಗಾರಗಳ ದಂಡೆಯ ಬೆಸ್ತರಲ್ಲಿಯೂ ತಮ್ಮ ಮೀನುಗಳಿಗೆ ಕನ್ನಡದ ಹೆಸರುಗಳುಂಟು. ಮೀನಿನ ಮೀಸೆ, ತುಟಿ, ಹುರುಪೆಗಳ ಎಣಿಕೆಯೊಡನೆ ಆ ಹೆಸರುಗಳನ್ನೂ ಬರೆದಿಡುವುದು ನಾಡಿನ ವಿದ್ಯಾವಂತರಿಗೆ ಸಾಧ್ಯವಾದ ಕೆಲಸ.