ವಜ್ರಗಳ ನಡುವೆ ನಿಜವಾದ ಲೆಕ್ಕ

1911ರಲ್ಲಿ ಲೈಡನ್ನಿನ ಕಮರ್ಲಿಂಗ್ ಓನ್ಸ್ ಅವರ ಪ್ರಯೋಗಾಲಯದಲ್ಲಿ, ಪಾದರಸವನ್ನು 4.2 ಕೆಲ್ವಿನ್‌ವರೆಗೆ ತಣಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಇಲ್ಲವಾಯಿತು. ಆಮೇಲೆ ಬಹುಕಾಲ ಹೀಗೆ ರೋಧ ಕಳೆದುಕೊಳ್ಳುವ ವಸ್ತುಗಳ, ಅಂದರೆ ಹೊಸ ಅತಿವಾಹಕಗಳ ಹುಡುಕಾಟ ಕುಲುಮೆಯ ಕಸುಬಾಗಿಯೇ ಉಳಿಯಿತು. ಆ ಕಸುಬಿನ ದೊಡ್ಡ ಮೇಸ್ತ್ರಿ ಬೆಲ್ ಲ್ಯಾಬ್ಸ್‌ನ ಬರ್ನ್ಡ್ ಮಥಿಯಾಸ್. ಲೋಹಗಳನ್ನು ಬೆರೆಸು, ಕರಗಿಸು, ತಣಿಸಿ ಅಳೆ. ಇಷ್ಟೇ ಅವರ ದಾರಿ. ಸಿದ್ಧಾಂತಿಗಳಿಂದ ದೂರವಿರಿ ಎಂಬುದೂ ಅವರ ನಿಯಮಗಳಲ್ಲಿ ಒಂದೆಂದು ಹೇಳುವುದುಂಟು. ಅದು ಬರೀ ಹಟವಲ್ಲ. 1957ರ ಬಾರ್ಡೀನ್, ಕೂಪರ್, ಶ್ರೀಫರ್ ಸಿದ್ಧಾಂತ ಅತಿವಾಹಕತೆ ಏಕೆ ಬರುತ್ತದೆಂದು ಹೇಳಿತೇ ಹೊರತು ಯಾವ ವಸ್ತುವಿನಲ್ಲಿ ಬರುತ್ತದೆಂದು ಹೇಳಲಿಲ್ಲ. ಹಗುರವಾದ ಜಲಜನಕವನ್ನು ಹಿಂಡಿ ಲೋಹವಾಗಿಸಿದರೆ ಅದು ಹೆಚ್ಚಿನ ತಾಪದಲ್ಲೂ ಅತಿವಾಹಕವಾದೀತೆಂದು ನೀಲ್ ಆ್ಯಷ್‌ಕ್ರಾಫ್ಟ್ 1968ರಲ್ಲೇ ಬರೆದಿದ್ದರು. ಬೇರೆ ಧಾತುಗಳೊಡನೆ ಕೂಡಿದ ಜಲಜನಕಕ್ಕೆ ಅಷ್ಟು ಒತ್ತಡ ಬೇಕಾಗದು ಎಂದು 2004ರಲ್ಲಿ ಸೇರಿಸಿದರು. ಆದರೆ ಯಾವ ಧಾತು, ಯಾವ ಪ್ರಮಾಣ, ಪರಮಾಣುಗಳ ಜೋಡಣೆ ಹೇಗೆ? ರಾಸಾಯನಿಕ ಸೂತ್ರವೊಂದರಿಂದಲೇ ಹರಳಿನ ರಚನೆಯನ್ನು ಮುಂಗಾಣಲು ಆಗದಿರುವುದು ವಿಜ್ಞಾನಕ್ಕೆ ನಾಚಿಕೆಗೇಡೆಂದು ನೇಚರ್ ಪತ್ರಿಕೆಯ ಸಂಪಾದಕ ಜಾನ್ ಮ್ಯಾಡಾಕ್ಸ್ 1988ರಲ್ಲಿ ಜರೆದಿದ್ದರು. 2006ರ ಹೊತ್ತಿಗೆ ಒಗನೋವ್ ಮತ್ತು ಗ್ಲಾಸ್, ಪಿಕಾರ್ಡ್ ಮತ್ತು ನೀಡ್ಸ್ ಅದಕ್ಕೆ ಗಣಕದ ದಾರಿ ತೋರಿದರು. ಚೀನಾದ ಜಿಲಿನ್ ವಿಶ್ವವಿದ್ಯಾಲಯದ ಯಾನ್‌ಮಿಂಗ್ ಮಾ ತಂಡವೂ ತನ್ನದೇ ವಿಧಾನ ರೂಪಿಸಿತು. ಭಾರೀ ಒತ್ತಡದಲ್ಲಿ ಶಾಲೆಯಲ್ಲಿ ಕಲಿತ ವೇಲೆನ್ಸಿಯ ಲೆಕ್ಕ ಕೈಕೊಡುತ್ತದೆ. ರಸಾಯನಜ್ಞನ ಅನುಭವ ಸೋಲುವ ಆ ಜಾಗದಲ್ಲೇ ಗಣಕಕ್ಕೆ ಬೆಲೆ ಬಂತು ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿಯಾಗಿ ಎಲ್ಲರೂ ಮುಂದಿಡುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು. 160 ಗಿಗಾಪಾಸ್ಕಲ್ ಒತ್ತಡದಲ್ಲಿ ಅದು ಸುಮಾರು 80 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆಂದು ಮಾ ತಂಡ 2014ರಲ್ಲಿ ಲೆಕ್ಕ ಹಾಕಿತು. ಜರ್ಮನಿಯ ಮೈನ್ಸ್‌ನಲ್ಲಿ ಎರೆಮೆಟ್ಸ್ ತಂಡ ಆ ಅನಿಲವನ್ನು ಎರಡು ವಜ್ರಗಳ ಮೊನೆಗಳ ನಡುವೆ ಹಿಂಡಿತು. 2015ರಲ್ಲಿ ಪ್ರಕಟವಾದ ಅಂಕಿ 203 ಕೆಲ್ವಿನ್! ಊಹಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬಂದಮೇಲೆ ಅದು ಭವಿಷ್ಯವಾಣಿ ಹೇಗಾದೀತು, ಅದೃಷ್ಟವಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಒತ್ತಡದಲ್ಲಿ ಆ ಅನಿಲ ಒಡೆದು, ಒಂದು ಗಂಧಕಕ್ಕೆ ಮೂರು ಜಲಜನಕವಿರುವ ಸಂಯುಕ್ತವಾಗಿತ್ತು. ಅದೇ ಸಂಯುಕ್ತಕ್ಕೆ, 200 ಗಿಗಾಪಾಸ್ಕಲ್‌ನಲ್ಲಿ, 191ರಿಂದ 204 ಕೆಲ್ವಿನ್ ಎಂದು ಜಿಲಿನ್‌ನದೇ ಇನ್ನೊಂದು ತಂಡ 2014ರಲ್ಲೇ ಪ್ರಕಟಿಸಿತ್ತು. ಮೊದಲ ಲೆಕ್ಕ ತಪ್ಪು ವಸ್ತುವನ್ನು ಹಿಡಿದಿತ್ತು, ಎರಡನೆಯದು ಸರಿಯಾದುದನ್ನು. ಸಂಶಯ ಉಳಿದವರು ಲ್ಯಾಂಥನಮ್ ಹೈಡ್ರೈಡನ್ನು ನೋಡಲಿ: ಒಂದು ಲ್ಯಾಂಥನಮ್ ಸುತ್ತ ಜಲಜನಕದ ಪಂಜರವಿರುವ ಆ ಹರಳನ್ನು 2017ರಲ್ಲಿ ಗಣಕ ಮೊದಲು ಕಂಡಿತು, 2019ರಲ್ಲಿ ಸುಮಾರು 170 ಗಿಗಾಪಾಸ್ಕಲ್‌ನಲ್ಲಿ 250 ಕೆಲ್ವಿನ್ ಅಳೆಯಲಾಯಿತು.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. 1986ರ ತಾಮ್ರದ ಆಕ್ಸೈಡ್ ಅತಿವಾಹಕಗಳನ್ನು ಕಂಡವರು ಬೆಡ್ನೋರ್ಜ್ ಮತ್ತು ಮ್ಯೂಲರ್, ಯಾವ ಗಣಕವೂ ಅಲ್ಲ. 39 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಮೆಗ್ನೀಸಿಯಮ್ ಡೈಬೋರೈಡ್ ದಶಕಗಳಿಂದ ರಸಾಯನಜ್ಞರಿಗೆ ಪರಿಚಿತವಾಗಿದ್ದರೂ 2001ರವರೆಗೆ ಅದರ ಗುಣ ಯಾರಿಗೂ ಹೊಳೆಯಲಿಲ್ಲ. ಒಪ್ಪಿದೆ. ಎಲೆಕ್ಟ್ರಾನ್‌ಗಳು ಹರಳಿನ ಕಂಪನಗಳ ಮೂಲಕ ಜೋಡಿಯಾಗುವ ಅತಿವಾಹಕಗಳಲ್ಲಿ ಮಾತ್ರ ಈ ಲೆಕ್ಕ ನಡೆಯುತ್ತದೆ, ತಾಮ್ರದ ಆಕ್ಸೈಡ್‌ಗಳಲ್ಲಿ ನಡೆಯದು. ಹಾಗೆಂದು ಪ್ರಯೋಗವೊಂದನ್ನೇ ನಂಬುವಂತೆಯೂ ಇಲ್ಲ: ಕೊಠಡಿಯ ತಾಪದಲ್ಲೇ ಅತಿವಾಹಕತೆ ಕಂಡೆವೆಂದ 2020ರ ಲೇಖನವನ್ನು ನೇಚರ್ 2022ರಲ್ಲಿ ಹಿಂಪಡೆಯಿತು. ಇನ್ನು ಉಪಯೋಗದ ಮಾತು. 170 ಗಿಗಾಪಾಸ್ಕಲ್ ಎಂದರೆ ವಾತಾವರಣದ ಒತ್ತಡದ ಸುಮಾರು 17 ಲಕ್ಷ ಪಟ್ಟು. ಅಷ್ಟು ಒತ್ತಡದಲ್ಲಿ ಸಿಗುವುದು ಕೂದಲೆಳೆಗಿಂತ ಅಗಲವಿಲ್ಲದ ಚೂರು, ಅದರಿಂದ ತಂತಿ ಎಳೆಯಲಾಗದು. ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳ ಸುರುಳಿಗಳಲ್ಲಿ ಇಂದಿಗೂ ಹೆಚ್ಚಾಗಿ ಇರುವುದು 1960ರ ದಶಕದ ಅತಿವಾಹಕವಾದ ನಿಯೋಬಿಯಂ-ಟೈಟಾನಿಯಂ.